ಮರದ ಅಣಬೆ ಗುರುತಿಸಬೇಕಾದರೆ ಅದರ ಹೊಟ್ಟೆ ನೋಡಿ

ಕಬ್ಬನ್ ಪಾರ್ಕಿನಲ್ಲೋ ಜ್ಞಾನಭಾರತಿಯ ತೋಪಿನಲ್ಲೋ ಮರದ ಕಾಂಡಕ್ಕೆ ಅಂಟಿಕೊಂಡ ಗಟ್ಟಿ ಅಣಬೆ ಕಂಡರೆ ಹೆಚ್ಚಿನವರು ಮೊದಲು ಅದರ ಮೇಲ್ಮೈಯ ಬಣ್ಣ ನೋಡುತ್ತಾರೆ, ಒಂದು ಫೋಟೋ ತೆಗೆಯುತ್ತಾರೆ, ಮುಂದೆ ಹೋಗುತ್ತಾರೆ. ಗುರುತಿಸುವ ಕೆಲಸ ಅಲ್ಲೇ ಕೆಡುತ್ತದೆ. ಈ ಅಣಬೆಗಳ ವಿಷಯದಲ್ಲಿ ಮೇಲಿನ ಬಣ್ಣದಷ್ಟು ಕೈಕೊಡುವ ಲಕ್ಷಣ ಇನ್ನೊಂದಿಲ್ಲ. ಎಳೆಯದಾಗಿದ್ದಾಗ ಬೆಳ್ಳಗಿದ್ದದ್ದು ಬಲಿತ ಮೇಲೆ ಕೆಂಪಾಗುತ್ತದೆ, ಬಿಸಿಲಿಗೆ ಮಾಸುತ್ತದೆ, ಮಳೆಗಾಲದಲ್ಲಿ ಪಾಚಿ ಹಿಡಿದು ಹಸಿರಾಗುತ್ತದೆ. ಒಂದೇ ಮರದ ಒಂದೇ ಗುಂಪಿನಲ್ಲಿ ಈ ನಾಲ್ಕೂ ಬಣ್ಣಗಳು ಅಕ್ಕಪಕ್ಕ ಇರಬಹುದು. ಗುರುತು ಹೇಳುವುದು ಕೆಳಮೈ, ಒಳಗಿನ ತಿರುಳು, ಮತ್ತು ಅದು ಯಾವ ಮರದ ಯಾವ ಜಾಗದಲ್ಲಿ ಹುಟ್ಟಿದೆ ಎಂಬುದು.

ಹೊರಗೆ ಕಾಣುವ ಅರ್ಧಚಂದ್ರಾಕಾರದ ತುಂಡು ಶಿಲೀಂಧ್ರದ ಪೂರ್ತಿ ದೇಹವಲ್ಲ; ಬೀಜಕಣ ಉದುರಿಸಲು ಅದು ಹೊರಗೆ ಚಾಚಿದ ಭಾಗ ಮಾತ್ರ. ದೇಹವೆಲ್ಲ ಮರದೊಳಗೆ ನವಿರಾದ ಎಳೆಗಳಾಗಿ ಹಬ್ಬಿ ಮರವನ್ನು ಕರಗಿಸಿ ತಿನ್ನುತ್ತಿರುತ್ತದೆ. ಹೊರಗೆ ಅಣಬೆ ಮೂಡುವ ಹೊತ್ತಿಗೆ ಒಳಗಿನ ಕೆಲಸ ಸಾಮಾನ್ಯವಾಗಿ ವರ್ಷಗಳಿಂದ ನಡೆದಿರುತ್ತದೆ. ಆದ್ದರಿಂದ ಅಣಬೆ ಕಿತ್ತುಹಾಕಿದರೆ ಮರಕ್ಕೆ ಏನೂ ಗುಣವಾಗುವುದಿಲ್ಲ. ಕಿತ್ತ ಜಾಗಕ್ಕೆ ಸುಣ್ಣ, ಡಾಂಬರು ಬಳಿದರೂ ಅಷ್ಟೇ. ಕಳೆದುಹೋಗುವುದು ನಿಮಗೆ ಸಿಕ್ಕಿದ್ದ ಒಂದು ಸುಳಿವು.

ಮರ ಕೊಳೆಯುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಬಿಳಿ ಕೊಳೆತದಲ್ಲಿ ಮರಕ್ಕೆ ಗಡುಸುತನ ಕೊಡುವ ಲಿಗ್ನಿನ್ ಮತ್ತು ಅದರ ನಾರಿನ ಅಂಶವಾದ ಸೆಲ್ಯುಲೋಸ್ ಎರಡೂ ಕರಗುತ್ತವೆ. ಮರ ಬಿಳಿಚಿಕೊಂಡು, ಮೆತ್ತಗಾಗಿ, ನಾರು ನಾರಾಗಿ ಬಿಡಿಸಿಕೊಳ್ಳುತ್ತದೆ. ಕಂದು ಕೊಳೆತದಲ್ಲಿ ಸೆಲ್ಯುಲೋಸ್ ಹೋಗಿ ಲಿಗ್ನಿನ್ ಉಳಿಯುತ್ತದೆ. ಮರ ಕಂದಾಗಿ, ಚೌಕ ಚೌಕವಾಗಿ ಬಿರಿದು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಬೆಂಗಳೂರಿನ ಅಗಲ ಎಲೆಯ ಮರಗಳ ಮೇಲೆ ಕಾಣುವ ಗಟ್ಟಿ ಅಣಬೆಗಳಲ್ಲಿ ಹೆಚ್ಚಿನವು ಬಿಳಿ ಕೊಳೆತದವು. ಅಣಬೆಯ ಪಕ್ಕದಲ್ಲಿ ತೊಗಟೆ ಬಿಟ್ಟುಕೊಂಡ ಜಾಗವಿದ್ದರೆ ಒಳಗಿನ ಕುಂಬು ಮರ ಯಾವ ಬಗೆಯದು ಎಂದು ನೋಡಿಕೊಳ್ಳಿ. ಹೆಸರು ಹುಡುಕುವಾಗ ಹೊಂದದ ಅಣಬೆಗಳನ್ನು ಪಟ್ಟಿಯಿಂದ ತೆಗೆಯಲು ಇದು ನೆರವಾಗುತ್ತದೆ.

ಯಾವಾಗ, ಎಲ್ಲಿ

ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಬಿದ್ದ ಮೇಲೆ ಹೊಸ ಅಣಬೆಗಳು ಏಳಲು ಶುರುವಾಗುತ್ತವೆ. ಜೂನ್‌ನಿಂದ ನವೆಂಬರ್‌ವರೆಗೆ ಒಳ್ಳೆಯ ಕಾಲ. ನಗರದಲ್ಲಿ ಸಾಮಾನ್ಯವಾಗಿ ಹೆಚ್ಚು ಮಳೆಯಾಗುವ ಸೆಪ್ಟೆಂಬರ್ ಮತ್ತು ಅದರ ಮುಂದಿನ ಅಕ್ಟೋಬರ್ ಎಲ್ಲಕ್ಕಿಂತ ವಾಸಿ. ಮರದಷ್ಟೇ ಗಟ್ಟಿಯಾದ ಜಾತಿಗಳು ಬೇಸಗೆಯಲ್ಲೂ ಇರುತ್ತವೆ, ಆದರೆ ಬೆಳವಣಿಗೆ ನಿಂತಿರುವುದರಿಂದ ಅಂಚಿನ ಬಣ್ಣವಾಗಲಿ ಬೀಜಕಣವಾಗಲಿ ಸಿಗುವುದಿಲ್ಲ.

ಊರೊಳಗೆ ಲಾಲ್‌ಬಾಗ್, ಕಬ್ಬನ್ ಪಾರ್ಕ್, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ, ಹಳೆಯ ಬಡಾವಣೆಗಳ ಸಾಲುಮರಗಳು. ಅಂಚಿನಲ್ಲಿ ತುರಹಳ್ಳಿ, ಜಾರಕಬಂಡೆ. ಎಲ್ಲೇ ಹೋದರೂ ಚೆಂದದ ಮರಗಳ ಕಡೆ ನೋಡುತ್ತಾ ನಡೆದರೆ ಅಣಬೆ ಸಿಗುವುದಿಲ್ಲ. ಕಡಿದ ಬೊಡ್ಡೆ, ಬಿದ್ದ ಕೊರಡು, ಕರೆಂಟಿನ ತಂತಿಗಾಗಿ ಕೊಂಬೆ ಸವರಿದ ಗಾಯ, ಪಾದಚಾರಿ ಮಾರ್ಗದ ಕಾಂಕ್ರೀಟು ಕತ್ತು ಹಿಸುಕಿದ ಬುಡ, ಚರಂಡಿ ಅಗೆಯುವಾಗ ಬೇರು ತುಂಡಾದ ಬದಿ, ಇವೇ ಅಣಬೆಯ ವಿಳಾಸಗಳು.

ಮುಟ್ಟುವ ಮೊದಲು

ಮೂರು ವಿಷಯ ಬರೆದುಕೊಳ್ಳಿ: ಮರ ಯಾವುದು, ಅದು ಜೀವಂತವೋ ಸತ್ತದ್ದೋ, ನೆಲದಿಂದ ಎಷ್ಟು ಎತ್ತರದಲ್ಲಿ ಅಣಬೆ ಇದೆ. ಬುಡದಲ್ಲಿ, ನೆಲಕ್ಕೆ ತಾಗಿದಂತೆ ಇದ್ದರೆ ಬೇರು ಮತ್ತು ಬುಡವನ್ನು ಕೊಳೆಸುವ ಜಾತಿ ಎಂದು ಮೊದಲ ಊಹೆ. ಹತ್ತು ಅಡಿ ಮೇಲೆ, ಹಳೆಯ ಗಾಯದ ಬಾಯಲ್ಲಿದ್ದರೆ ಚೇಗನ್ನು ತಿನ್ನುವುದಿರಬಹುದು. ಒಣ ಕೊಂಬೆಯ ಉದ್ದಕ್ಕೂ ಸಾಲಾಗಿ ಚಿಕ್ಕ ಚಿಕ್ಕದಾಗಿ ಇದ್ದರೆ ಸತ್ತ ಮರವನ್ನಷ್ಟೇ ತಿನ್ನುವ, ಮರದ ಜೀವಕ್ಕೆ ಸಂಬಂಧವಿಲ್ಲದ ಜಾತಿ ಇರುವುದೇ ಹೆಚ್ಚು. ಅಣಬೆ ನೆಲದಿಂದಲೇ ಎದ್ದ ಹಾಗೆ ಕಂಡರೆ ಸ್ವಲ್ಪ ಮಣ್ಣು ಸರಿಸಿ ನೋಡಿ. ಕೆಳಗೆ ಬೇರೋ ಹೂತುಹೋದ ಬೊಡ್ಡೆಯೋ ಸಿಗುತ್ತದೆ.

ಬಿದ್ದ ಕೊರಡಿನ ಮೇಲೆ ಅಣಬೆ ಯಾವ ದಿಕ್ಕಿಗಿದೆ ಎಂಬುದನ್ನು ತಪ್ಪದೆ ನೋಡಿ. ಬೀಜಕಣ ನೇರ ಕೆಳಗೆ ಉದುರಬೇಕು, ಹಾಗಾಗಿ ಅಣಬೆ ಬೆಳೆಯುವಾಗ ತನ್ನ ಹೊಟ್ಟೆಭಾಗವನ್ನು ಯಾವಾಗಲೂ ನೆಲದ ಕಡೆಗೇ ಇಟ್ಟುಕೊಳ್ಳುತ್ತದೆ. ಮಲಗಿರುವ ಕೊರಡಿನ ಮೇಲೆ ಅಣಬೆಯ ಕೆಳಮೈ ಪಕ್ಕಕ್ಕೆ ತಿರುಗಿ ನಿಂತಿದ್ದರೆ, ಮರ ನಿಂತಿದ್ದಾಗಲೇ ಅದು ಹುಟ್ಟಿತ್ತು ಎಂದರ್ಥ. ಅದೇ ಹಳೆಯ ಅಣಬೆಯ ಅಂಚಿನಿಂದ ಹೊಸ ಬೆಳವಣಿಗೆ ತಿರುಗಿಕೊಂಡು ಮತ್ತೆ ನೆಲ ನೋಡುತ್ತಿದ್ದರೆ, ಮರ ಬಿದ್ದ ಮೇಲೂ ಶಿಲೀಂಧ್ರ ಬದುಕಿದೆ. ಮಳೆಗೆ ಉರುಳಿದ ಮರದ ಬಗ್ಗೆ "ಗಟ್ಟಿ ಮರ, ಗಾಳಿಗೆ ಬಿತ್ತು" ಎಂದು ಹೇಳುವವರಿಗೆ ಈ ಒಂದು ನೋಟ ಉತ್ತರ ಕೊಡುತ್ತದೆ.

ಹೊಟ್ಟೆಭಾಗ

ಇಲ್ಲಿ ಮುಖ್ಯವಾಗಿ ನಾಲ್ಕು ಸಾಧ್ಯತೆ: ತೂತುಗಳು, ಸೀಳು ಪಟ್ಟಿಗಳು, ಎರಡರ ನಡುವಿನ ಅಂಕುಡೊಂಕು ಗೆರೆಗಳ ಜಾಲ, ಅಥವಾ ಏನೂ ಇಲ್ಲದ ನುಣುಪು ಮೈ. ತೂತು ಇದ್ದರೆ ಎಣಿಸಬೇಕು. ಹತ್ತು ಪಟ್ಟು ದೊಡ್ಡದು ಮಾಡುವ ಕೈ ಮಸೂರ ಮತ್ತು ಮಿಲಿಮೀಟರ್ ಗೆರೆಯಿರುವ ಪಾರದರ್ಶಕ ಸ್ಕೇಲು ಸಾಕು. ಸ್ಕೇಲನ್ನು ತೂತುಗಳ ಮೇಲಿಟ್ಟು 5 ಮಿ.ಮೀ. ಉದ್ದದಲ್ಲಿ ಎಷ್ಟು ತೂತು ಬರುತ್ತವೆ ಎಂದು ಎಣಿಸಿ, ಐದರಿಂದ ಭಾಗಿಸಿ. ಒಂದೇ ಮಿಲಿಮೀಟರಿನಲ್ಲಿ ಎಣಿಸಲು ಹೋದರೆ ಲೆಕ್ಕ ತಪ್ಪುತ್ತದೆ. ಅಂಚಿನಲ್ಲಿ ಎಣಿಸಬೇಡಿ, ಅಲ್ಲಿ ತೂತು ಪೂರ್ತಿ ತೆರೆದಿರುವುದಿಲ್ಲ. ಬುಡದ ಹತ್ತಿರವೂ ಬೇಡ, ಅಲ್ಲಿ ಓರೆಯಾಗಿ ಉದ್ದಕ್ಕೆ ಎಳೆದುಕೊಂಡಿರುತ್ತವೆ. ನಡುಭಾಗ ಸರಿ.

ಬಗ್ಗಿ ನೋಡಲಾಗದ ಕಡೆ ಫೋನಿನ ಮುಂಬದಿ ಕ್ಯಾಮೆರಾ ಆನ್ ಮಾಡಿ ಅಣಬೆಯ ಕೆಳಗೆ ಹಿಡಿದರೆ ಆಯಿತು. ಕೀಳುವ ಅಗತ್ಯವೇ ಇಲ್ಲ.

ಆಮೇಲೆ ಉಗುರಿನಿಂದ ಕೆಳಮೈ ಮೇಲೆ ಒಂದು ಗೆರೆ ಎಳೆಯಿರಿ. ಬಿಳಿ ಮೈ ತಕ್ಷಣ ಕಂದಾಗಿ ಗೆರೆ ಹಾಗೇ ಉಳಿದರೆ, ಮರದ ಬುಡ ಕೊಳೆಸುವ ಗ್ಯಾನೋಡರ್ಮಾ ಬಳಗದ ಕಡೆಗೆ ಬಲವಾದ ಸೂಚನೆ. ಕೀಳಲು ಅನುಮತಿಯಿರುವ ಕಡೆ ಒಂದು ಚೂರನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ತಿರುಳಿನ ಬಣ್ಣ ನೋಡಿ: ಬಿಳಿಯೋ, ಕಂದೋ, ತುಕ್ಕಿನ ಬಣ್ಣವೋ, ಕಿತ್ತಳೆಯೋ. ತಿರುಳು ಚರ್ಮದಂತೆ ಬಾಗುವುದೋ, ಕಾರ್ಕಿನಷ್ಟು ಮೆತ್ತಗೋ, ಚಾಕು ಇಳಿಯದಷ್ಟು ಗಡುಸೋ ಎಂಬುದನ್ನೂ ಬರೆದಿಡಿ. ತುಕ್ಕು ಬಣ್ಣದ ತಿರುಳಿನ ಮೇಲೆ ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನ ಶೇ 3ರಿಂದ 5ರ ದ್ರಾವಣದ ಒಂದು ಹನಿ ಬಿಟ್ಟರೆ, ಗೊರಸಿನಾಕಾರದ ಗಡುಸು ಅಣಬೆಗಳ ಫೆಲಿನಸ್ ಬಳಗದ್ದಾದರೆ ಕಪ್ಪಾಗಿ ಕಪ್ಪಾಗಿಯೇ ಉಳಿಯುತ್ತದೆ. ಅದು ಚರ್ಮ ಸುಡುವ ಕ್ಷಾರ. ಕೈಗವಸು ಬೇಕು, ಪಾರ್ಕಿಗೆ ಒಯ್ಯುವ ವಸ್ತುವಲ್ಲ, ಚೂರನ್ನು ಮನೆಗೆ ತಂದು ಮಾಡಿ.

ಬೀಜಕಣದ ಬಣ್ಣ ತಿಳಿಯಲು, ಬೆಳೆಯುತ್ತಿರುವ ತಾಜಾ ಅಣಬೆಯ ಒಂದು ತುಂಡನ್ನು ಹೊಟ್ಟೆಭಾಗ ಕೆಳಗೆ ಮಾಡಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲಿಡಿ. ಮೇಲೊಂದು ಬಟ್ಟಲು ಬೋರಲು ಹಾಕಿ 12ರಿಂದ 24 ಗಂಟೆ ಬಿಡಿ. ಬಿಳಿ ಬೀಜಕಣ ಕಪ್ಪು ಬದಿಯಲ್ಲಿ, ಕಂದು ಬೀಜಕಣ ಬಿಳಿ ಬದಿಯಲ್ಲಿ ಕಾಣುತ್ತದೆ. ಏನೂ ಬೀಳದಿದ್ದರೆ ಅಣಬೆ ಹಳತಾಗಿದೆ, ಇಲ್ಲವೇ ಒಣಗಿದೆ. ಒದ್ದೆ ಬಟ್ಟೆಯಲ್ಲಿ ಒಂದೆರಡು ಗಂಟೆ ಸುತ್ತಿಟ್ಟು ಮತ್ತೆ ಪ್ರಯತ್ನಿಸಬಹುದು. ಕಾಗದ ತೊಪ್ಪೆಯಾದರೆ ಅಣಬೆ ಅತಿಯಾಗಿ ನೆನೆದಿತ್ತು ಎಂದು ತಿಳಿಯಿರಿ.

ಇಲ್ಲಿ ಸಾಮಾನ್ಯವಾಗಿ ಕಾಣುವವು

ಗ್ಯಾನೋಡರ್ಮಾ ಮೊದಲು, ಏಕೆಂದರೆ ನಗರದ ಮರಗಳ ಮಟ್ಟಿಗೆ ಇದೇ ಮುಖ್ಯ. ಗುಲ್‌ಮೊಹರ್, ಹೊಂಗೆ, ಮಳೆಮರದಂಥವುಗಳ ಬುಡದಲ್ಲಿ ಮೊದಲು ಬಿಳಿ ಗುಬುಟಾಗಿ ಏಳುತ್ತದೆ. ಬೆಳೆದಂತೆ ಹಿಂಬದಿಯಿಂದ ಕೆಂಪುಗಂದು ಬಣ್ಣ ತುಂಬಿಕೊಳ್ಳುತ್ತಾ ಬರುತ್ತದೆ, ಅಂಚು ಮಾತ್ರ ಬಿಳಿ–ಹಳದಿಯಾಗಿರುತ್ತದೆ. ಅಂಚು ಬಿಳಿಯಿರುವವರೆಗೆ ಅದು ಬೆಳೆಯುತ್ತಿದೆ. ದಾರಿಯಲ್ಲಿ ಹುಲ್ಲಿನ ಕಡ್ಡಿ, ಪ್ಲಾಸ್ಟಿಕ್ ಹಾಳೆ ಏನೇ ಸಿಕ್ಕರೂ ಸರಿಸುವುದಿಲ್ಲ, ಒಳಗೆ ಹಾಕಿಕೊಂಡೇ ಬೆಳೆಯುತ್ತದೆ. ಮೇಲ್ಮೈ ಮೇಲೆ ಕೋಕೋ ಬಣ್ಣದ ದೂಳು ಕೂತು ಮಂಕಾಗಿ ಕಂಡರೆ ಮೋಸ ಹೋಗಬೇಡಿ. ಆ ದೂಳು ಅದರದೇ ಬೀಜಕಣ. ಕೆಳಗೆ ಉದುರಿದ್ದನ್ನು ಗಾಳಿ ಎತ್ತಿ ಮೇಲೆ, ಪಕ್ಕದ ಎಲೆಗಳ ಮೇಲೆ, ಜೇಡರ ಬಲೆಗಳ ಮೇಲೆ ಕೂರಿಸಿರುತ್ತದೆ. ಬೆರಳಿನಿಂದ ಒರೆಸಿದರೆ ಕೆಳಗೆ ಮೆರುಗೆಣ್ಣೆ ಹಚ್ಚಿದ ಹೊಳಪು ಕಂಡರೆ ಒಂದು ಗುಂಪು. ಒರೆಸಿದರೂ ಹೊಳಪಿಲ್ಲದೆ, ಏಣು ಏಣಾದ ಬೂದುಗಂದು ಚಿಪ್ಪು ಇದ್ದರೆ ಅಪ್ಲನೇಟಮ್–ಆಸ್ಟ್ರೇಲ್ ಎಂಬ ಎರಡನೆಯ ಗುಂಪು. ಎರಡರಲ್ಲೂ ಕೆಳಮೈ ಎಳೆಯದಾಗಿದ್ದಾಗ ಬಿಳಿ, ತೂತು ಮಿ.ಮೀ.ಗೆ ಸುಮಾರು 4–5, ಬೀಜಕಣ ಕಂದು.

ಇದಕ್ಕಿಂತ ಮುಂದೆ, ಜಾತಿಯ ಹೆಸರಿಗೆ, ಹೋಗಬೇಡಿ ಎಂಬುದು ನಮ್ಮ ಸಲಹೆ. ಹೊಳೆಯುವ ಎಲ್ಲವನ್ನೂ "ಗ್ಯಾನೋಡರ್ಮಾ ಲೂಸಿಡಮ್" ಎಂದು ಬರೆಯುವ ರೂಢಿ ನಮ್ಮಲ್ಲಿದೆ. ಆ ಹೆಸರು 1781ರಲ್ಲಿ ಇಂಗ್ಲೆಂಡಿನ ಅಣಬೆಯೊಂದಕ್ಕೆ ಇಟ್ಟದ್ದು. ಏಷ್ಯಾದಲ್ಲಿ ಆ ಹೆಸರಿನಡಿ ಸೇರಿಸಿದ್ದ ಹಲವು ಅಣಬೆಗಳು ಬೇರೆ ಜಾತಿಗಳೆಂದು ಡಿಎನ್‌ಎ ಪರೀಕ್ಷೆಯಿಂದ ತಿಳಿದಿದೆ. ಸೂಕ್ಷ್ಮದರ್ಶಕವೂ ಡಿಎನ್‌ಎಯೂ ಇಲ್ಲದೆ "ಗ್ಯಾನೋಡರ್ಮಾ, ಹೊಳಪಿನ ಗುಂಪು" ಎಂದು ನಿಲ್ಲಿಸುವುದು ಅಜ್ಞಾನವಲ್ಲ, ಶಿಸ್ತು.

ಬಿಸಿಲಿಗೆ ಬಿದ್ದ ಒಣ ಕೊರಡಿನ ಮೇಲೆ ಕಣ್ಣಿಗೆ ಹೊಡೆಯುವ ಕಿತ್ತಳೆ–ಕೆಂಪು ಬಣ್ಣದ ತೆಳು ಅಣಬೆ ಕಂಡರೆ ಅದು ಟ್ರಾಮಿಟಿಸ್ ಸ್ಯಾಂಗ್ವಿನಿಯಾ, ಹಳೆಯ ಪುಸ್ತಕಗಳಲ್ಲಿ ಪಿಕ್ನೊಪೋರಸ್. ಮೇಲೂ ಕೆಳಗೂ ತಿರುಳೂ ಎಲ್ಲ ಅದೇ ಬಣ್ಣ. ಬಿಸಿಲಿಗೆ ಮೇಲ್ಭಾಗ ಬಿಳಿಚಿಕೊಂಡರೂ ತಿರುಗಿಸಿ ನೋಡಿದರೆ ಹೊಟ್ಟೆಭಾಗ ಕೆಂಪಾಗಿಯೇ ಇರುತ್ತದೆ. ಬಣ್ಣವನ್ನು ನಂಬಬಹುದಾದ ಅಪರೂಪದ ಜಾತಿ ಇದು.

ಸೀಳು ಪಟ್ಟಿಯದು ಸ್ಕಿಝೋಫಿಲಮ್ ಕಮ್ಯೂನ್. 1ರಿಂದ 4 ಸೆಂ.ಮೀ. ಅಗಲದ, ಬೂದುಬಿಳಿ ರೋಮದ ಪುಟ್ಟ ಬೀಸಣಿಗೆಗಳು. ಮಾವಿನ ಒಣ ಕೊಂಬೆ, ಬಿದಿರು, ಸೌದೆ ರಾಶಿ ಎಲ್ಲೆಂದರಲ್ಲಿ. ಕೆಳಗಿನ ಪ್ರತಿ ಪಟ್ಟಿಯ ಅಂಚೂ ಉದ್ದಕ್ಕೆ ಸೀಳಿ ಎರಡಾಗಿರುತ್ತದೆ. ಒಣಗಿದಾಗ ಆ ಸೀಳುಗಳು ಸುರುಳಿಗಟ್ಟಿ ಮುಚ್ಚಿಕೊಳ್ಳುತ್ತವೆ. ಸತ್ತಿದೆ ಎಂದುಕೊಂಡದ್ದನ್ನು ಮನೆಗೆ ತಂದು ನೀರು ಚಿಮುಕಿಸಿ ಕೆಲವು ಗಂಟೆ ಬಿಟ್ಟು ಮಸೂರದಲ್ಲಿ ನೋಡಿ. ಪಟ್ಟಿಗಳು ಮತ್ತೆ ಬಿಚ್ಚಿಕೊಂಡಿರುತ್ತವೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಅಣಬೆ ಇಲ್ಲ.

ಹೆಕ್ಸಗೋನಿಯಾ ಹೆಸರೇ ಹೇಳುವಂತೆ ಷಟ್ಕೋನ ತೂತಿನದು. ಟೆನ್ಯುಯಿಸ್ ಜಾತಿ ಒಂದೆರಡು ಮಿ.ಮೀ. ದಪ್ಪವಷ್ಟೇ, ಕಂದು ಪಟ್ಟೆಗಳು, ಬರಿಗಣ್ಣಿಗೇ ಕಾಣುವ ತೂತು. ಏಪಿಯಾರಿಯಾದಲ್ಲಿ ತೂತೇ 2–4 ಮಿ.ಮೀ. ಅಗಲ, ಮೇಲೆ ಕಪ್ಪು ಒರಟು ರೋಮ. ಲೆಂಝೈಟಿಸ್ ಎಲಿಗನ್ಸ್ ಕೆನೆಬಣ್ಣದ ಚಪ್ಪಟೆ ಅಣಬೆ. ಒಂದೇ ಹೊಟ್ಟೆಯಲ್ಲಿ ಒಂದು ಕಡೆ ತೂತು, ಇನ್ನೊಂದು ಕಡೆ ಅಂಕುಡೊಂಕು, ಮತ್ತೊಂದು ಕಡೆ ಪಟ್ಟಿ ಕಂಡರೆ ಗಾಬರಿ ಬೇಡ, ಅದೇ ಅದರ ಗುರುತು. ಅರ್ಲಿಯೆಲ್ಲಾ ಸ್ಕೇಬ್ರೋಸಾ ಕೊರಡಿಗೆ ಚಪ್ಪಟೆಯಾಗಿ ಅಂಟಿ ಹರಡಿ, ಮೇಲಂಚು ಮಾತ್ರ ಹೊರಗೆ ಮಡಚಿಕೊಳ್ಳುತ್ತದೆ; ಮಡಚಿದ ಭಾಗದ ಹಿಂಬದಿ ಕೆಂಪುಗಂದು, ಅಂಚು ಬಿಳಿ. ಗ್ಯಾನೋಡರ್ಮಾದ ಮರಿಯೆಂದು ಇದನ್ನು ತಪ್ಪು ತಿಳಿಯುವುದುಂಟು. ಸೀಳಿದರೆ ಇದರ ತಿರುಳು ಬಿಳಿ, ಗ್ಯಾನೋಡರ್ಮಾದ್ದು ಸಾಮಾನ್ಯವಾಗಿ ಕಂದು; ಅಲ್ಲಿಗೆ ಸಂಶಯ ಮುಗಿಯಿತು.

ಜೀವಂತ ಮರದ ಕಾಂಡದಲ್ಲಿ ಗೊರಸಿನ ಆಕಾರದ, ಮೇಲೆ ಕಪ್ಪಾಗಿ ಬಿರಿದ, ಚಾಕುವಿಗೂ ಬಗ್ಗದ ಗಂಟು ಇದ್ದರೆ ಫೆಲಿನಸ್ ಬಳಗ ಎಂದು ಊಹಿಸಿ, ಹಿಂದೆ ಹೇಳಿದ ಕ್ಷಾರದ ಪರೀಕ್ಷೆ ಮಾಡಿ. ಮೈಕ್ರೋಪೋರಸ್ ಝ್ಯಾಂತೋಪಸ್ ಎಂಬ ಹಳದಿ ಕಾಲಿನ, ಆಲಿಕೆ ಆಕಾರದ ಸುಂದರಿಯನ್ನು ಬೆಂಗಳೂರಲ್ಲಿ ಹುಡುಕಿ ದಣಿಯುವ ಬದಲು ಮಲೆನಾಡಿಗೆ ಹೋದಾಗ ನೋಡಿ.

ಇವುಗಳ ಜೊತೆ ಬೆರೆಸಬಾರದ್ದು ಕೆಲವಿವೆ. ಮೆತ್ತಗೆ ಕಿವಿಯಾಕಾರದಲ್ಲಿ ಜೋಲುವ ಕಂದು ಅಂಟಂಟು ಅಣಬೆ ಆರಿಕ್ಯುಲೇರಿಯಾ. ಇದ್ದಿಲ ಉಂಡೆಯಂತಿದ್ದು ಒಡೆದರೆ ಒಳಗೆ ಸುತ್ತುಬಳೆ ಕಾಣುವುದು ಡಾಲ್ಡೀನಿಯಾ. ತೊಗಟೆಗೆ ಅಂಟಿದ ಬೂದು–ಹಸಿರು ಚಕ್ಕೆ ಕಲ್ಲುಹೂವು. ಅದು ಮರವನ್ನು ತಿನ್ನುವುದೇ ಇಲ್ಲ.

ಫೋಟೋ ತೆಗೆಯುವವರಿಗೆ: ಮೇಲ್ಮೈ, ಹೊಟ್ಟೆಭಾಗ, ಅಂಟಿಕೊಂಡ ಜಾಗ, ಸೀಳಿದ ತಿರುಳು, ಇಡೀ ಮರ. ಈ ಐದು ಇಲ್ಲದ ಫೋಟೋದಿಂದ ತಜ್ಞರೂ ಹೆಸರು ಹೇಳಲಾರರು. ಅಳತೆಗೆ ಹತ್ತು ರೂಪಾಯಿ ನಾಣ್ಯ ಪಕ್ಕದಲ್ಲಿಡಿ, ಅದರ ವ್ಯಾಸ 27 ಮಿ.ಮೀ. ಫ್ಲ್ಯಾಶ್ ಬೇಡ, ಹೊಳಪು ಮತ್ತು ಬಣ್ಣ ಎರಡೂ ಕೆಡುತ್ತವೆ. ಮೇಲ್ಮೈಯ ಒಂದೇ ಫೋಟೋ ಕೊಟ್ಟರೆ ಫೋನಿನ ಆ್ಯಪ್‌ಗಳು ಪಟ್ಟೆಯಿರುವುದನ್ನೆಲ್ಲ "ಟರ್ಕಿ ಟೇಲ್" (ಬಣ್ಣದ ಪಟ್ಟೆಗಳಿರುವ ಟ್ರಾಮಿಟಿಸ್ ವರ್ಸಿಕಲರ್ ಜಾತಿ) ಎಂದುಬಿಡುವುದುಂಟು. ಉತ್ತರವನ್ನು ಹೊಟ್ಟೆಭಾಗದೊಂದಿಗೆ ತಾಳೆ ನೋಡದೆ ಒಪ್ಪಬೇಡಿ. ಇನ್ನು ಬಾಯಿಗೆ ಹಾಕುವ ವಿಚಾರ: ಔಷಧಿಯ ಗ್ಯಾನೋಡರ್ಮಾ ಎಂದು ರಸ್ತೆ ಬದಿಯದನ್ನು ಕಿತ್ತು ಕಷಾಯ ಮಾಡುವುದು ಬೇಡ. ಜಾತಿ ಖಚಿತವಿಲ್ಲ, ಜೊತೆಗೆ ಅಣಬೆಗಳು ಭಾರಲೋಹಗಳನ್ನು ಹೀರಿ ಕೂಡಿಟ್ಟುಕೊಳ್ಳುತ್ತವೆ.

ಮನೆ ಮುಂದಿನ ಮರದಲ್ಲಿ ಕಂಡರೆ

ಅಣಬೆ ಕಂಡ ಮರವೆಲ್ಲ ಬೀಳುವುದಿಲ್ಲ. ಮರ ಗಾಯವನ್ನು ವಾಸಿ ಮಾಡಿಕೊಳ್ಳುವುದಿಲ್ಲ, ಅದರ ಸುತ್ತ ಬೇಲಿ ಕಟ್ಟಿಕೊಳ್ಳುತ್ತದೆ. ಬೇಲಿ ಗಟ್ಟಿಯಿದ್ದರೆ ಒಳಗೆ ಪೊಟರೆ ಇಟ್ಟುಕೊಂಡೇ ದಶಕಗಳ ಕಾಲ ನಿಲ್ಲುತ್ತದೆ. ಮರದ ಕೊಡತಿಯಿಂದ ಕಾಂಡದ ಸುತ್ತ ತಟ್ಟಿ ಕೇಳಿ. ಟೊಳ್ಳು ಸದ್ದು ಎಲ್ಲಿಂದ ಎಲ್ಲಿಯವರೆಗಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ತಜ್ಞರು ಬಳಸುವ ಒಂದು ಸ್ಥೂಲ ಲೆಕ್ಕವೆಂದರೆ, ಉಳಿದಿರುವ ಗಟ್ಟಿ ಮರದ ದಪ್ಪ ಕಾಂಡದ ತ್ರಿಜ್ಯದ ಶೇ 30ಕ್ಕಿಂತ ಕಡಿಮೆಯಾದರೆ ಮುರಿಯುವ ಅಪಾಯ ಏರುತ್ತದೆ. 60 ಸೆಂ.ಮೀ. ವ್ಯಾಸದ ಕಾಂಡದಲ್ಲಿ ಸುತ್ತಲೂ ಕನಿಷ್ಠ 9 ಸೆಂ.ಮೀ. ಗಟ್ಟಿ ಮರ ಇರಬೇಕು. ಪೊಟರೆ ಒಂದು ಕಡೆ ಬಾಯಿ ತೆರೆದಿದ್ದರೆ ಈ ಲೆಕ್ಕ ನಂಬುವಂತಿಲ್ಲ. ಬುಡದ ಗ್ಯಾನೋಡರ್ಮಾದಲ್ಲಂತೂ ಇದು ಇನ್ನೂ ಕಡಿಮೆ ಕೆಲಸಕ್ಕೆ ಬರುತ್ತದೆ, ಏಕೆಂದರೆ ಅಲ್ಲಿ ಹೋಗುವುದು ಬೇರು: ಕಾಂಡ ಗಟ್ಟಿ ಸದ್ದು ಕೊಡುತ್ತಿರುವಾಗಲೇ ಮರ ಬುಡಸಮೇತ ಮಗುಚಬಹುದು. ಬುಡದ ಅಣಬೆಯ ಜೊತೆ ಮರ ಹೊಸದಾಗಿ ವಾಲಿರುವುದು, ಬುಡದ ಒಂದು ಬದಿಯ ಮಣ್ಣು ಎದ್ದಿರುವುದು ಅಥವಾ ಬಿರಿದಿರುವುದು, ತುದಿಯ ಕೊಂಬೆಗಳು ಒಣಗುತ್ತಿರುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಮುಂದಿನ ಮಳೆಗೆ ಕಾಯಬೇಡಿ. ಅದರಡಿ ವಾಹನ ನಿಲ್ಲಿಸುವುದನ್ನು ಅಂದೇ ಬಿಡಿ. ರಸ್ತೆ ಮರವಾದರೆ ಪಾಲಿಕೆಯ ಅರಣ್ಯ ವಿಭಾಗಕ್ಕೆ, ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್ ಆದರೆ ತೋಟಗಾರಿಕೆ ಇಲಾಖೆಗೆ ಫೋಟೋಗಳೊಂದಿಗೆ ಬರೆದುಕೊಡಿ. ನಿಮ್ಮ ಕಾಂಪೌಂಡಿನೊಳಗಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿಯುವ ಮೊದಲು ಸಾಮಾನ್ಯವಾಗಿ ವೃಕ್ಷ ಅಧಿಕಾರಿಯ ಅನುಮತಿ ಬೇಕಾಗುತ್ತದೆ.

ಹಿತ್ತಲಿನ ತೆಂಗಿನ ಬುಡದಲ್ಲಿ ಗ್ಯಾನೋಡರ್ಮಾ ಎದ್ದರೆ ಮಾತು ಬೇರೆ. ತೆಂಗು, ಅಡಿಕೆ ಬೆಳೆಗಾರರು ಅಣಬೆ ರೋಗ ಎನ್ನುವುದು ಇದನ್ನೇ. ತೆಂಗಿನಲ್ಲಿ ಮೊದಲು ಕೆಳಗಿನ ಗರಿಗಳು ಬಾಡಿ ಜೋಲುತ್ತವೆ, ಬುಡದ ಬಿರುಕುಗಳಿಂದ ಕೆಂಪುಗಂದು ರಸ ಒಸರುತ್ತದೆ. ಅಣಬೆ ಕಾಣುವುದು ಬಹಳ ತಡವಾಗಿ. ಆ ಮರ ಉಳಿಯುವುದು ಕಷ್ಟ. ರೋಗ ಮಣ್ಣು ಮತ್ತು ಬೇರಿನ ಮೂಲಕ ಹರಡುವುದರಿಂದ ಪಕ್ಕದ್ದನ್ನು ಉಳಿಸಬೇಕು: ರೋಗದ ಮರದಿಂದ ಸುಮಾರು ನಾಲ್ಕು ಅಡಿ ದೂರದಲ್ಲಿ ಸುತ್ತಲೂ ಎರಡು ಅಡಿ ಆಳ, ಒಂದು ಅಡಿ ಅಗಲದ ಕಾಲುವೆ ತೋಡಿ ಬೇರಿನ ಸಂಪರ್ಕ ಕಡಿಯಿರಿ. ಸತ್ತ ಮರವನ್ನು ಬೊಡ್ಡೆ, ಬೇರು ಸಮೇತ ಕಿತ್ತು ಸುಡಿ. ಉಳಿದ ಮರಗಳಿಗೆ ವರ್ಷಕ್ಕೆ ತಲಾ 5 ಕೆ.ಜಿ. ಬೇವಿನ ಹಿಂಡಿ ಕೊಡಿ. ಒಂದು ಪಾತಿಯಿಂದ ಇನ್ನೊಂದಕ್ಕೆ ನೀರು ಹರಿಯುವಂತೆ ಬಿಡಬೇಡಿ.

ಮಾದರಿ ಇಟ್ಟುಕೊಳ್ಳುವ ಆಸೆಯಿದ್ದರೆ ಸ್ವಂತ ಜಾಗದ ಒಣ ಕೊರಡಿನಿಂದ ತೆಗೆದುಕೊಳ್ಳಿ. ಉದ್ಯಾನಗಳಲ್ಲಿ, ಅರಣ್ಯ ಇಲಾಖೆಯ ಜಾಗಗಳಲ್ಲಿ, ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿಯಿಲ್ಲದೆ ಏನನ್ನೂ ಕೀಳುವಂತಿಲ್ಲ. ತಂದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಒಂದೇ ರಾತ್ರಿಯಲ್ಲಿ ಬೂಷ್ಟು ಹಿಡಿಯುತ್ತದೆ, ಕಾಗದದ ಚೀಲವೇ ಸರಿ. 40–50 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪೂರ್ತಿ ಒಣಗಿಸಿ, ಗಾಳಿಯಾಡದ ಪೊಟ್ಟಣದಲ್ಲಿ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಡಿ. ಈ ಹೆಜ್ಜೆ ಬಿಟ್ಟರೆ ಒಳಗಿರುವ ದುಂಬಿಯ ಮರಿಗಳು ಕೆಲವೇ ತಿಂಗಳಲ್ಲಿ ಅಣಬೆಯನ್ನು ಪುಡಿ ಮಾಡಿ, ಪಕ್ಕದ ಮಾದರಿಗಳಿಗೂ ದಾಟುತ್ತವೆ.